ತೋಟೆ ಬೆಳಗುವವಳು

ಈ ಊರಿಗೆ ನಾನು ಸೊಸೆಯಾಗಿ ಬಂದ ಮೊದಲ ಬೆಳಿಗ್ಗೆ ಕೋವಿಯ ಸದ್ದಿಗೆ ಬೆಚ್ಚಿ ಎದ್ದು ಕೂತೆ. ಪಕ್ಕದಲ್ಲಿದ್ದ ಗಂಡ ಕಣ್ಣು ತೆರೆಯದೆಯೇ, "ಏನಿಲ್ಲ, ಸಂತೆ ಓಣಿ ತೆಗೆದ್ರು. ಮಲಗು" ಎಂದ. ಇನ್ನೊಂದು ಸದ್ದಾಯಿತು. "ಅದು ಸ್ಕೂಲಿಂದು." ಮೂರನೆಯ ಸದ್ದಿಗೆ ಅವನೇ ಎದ್ದು ಕೊಡ ಹುಡುಕತೊಡಗಿದ. "ಕೆರೆ ಓಣೀನೂ ತೆಗೆದಾಯ್ತು, ನೀರು ತರ್ಬೇಕು." ನಾನು ಬಾಗಿಲು ತೆರೆದರೆ ಹೊರಗೆ ಏನೂ ಇರಲಿಲ್ಲ. ಬೀದಿಯಿಲ್ಲ, ಎದುರು ಮನೆಯಿಲ್ಲ, ಮುಂದೆ ಚಾಚಿದ ನನ್ನ ಕೈಯೂ ಇಲ್ಲ. ಬಿಳಿ ಮಂಜು ಹೊಸ್ತಿಲಿಗೆ ಗೋಡೆ ಎಬ್ಬಿಸಿದ ಹಾಗೆ ನಿಂತಿತ್ತು. ಬಾಗಿಲ ಚೌಕಟ್ಟಿಗೆ ಕಟ್ಟಿದ ಹಗ್ಗ ಹಿಡಿದು ಗಂಡನ ಹಿಂದೆ ಹೋದೆ. ಹಗ್ಗ ಮುಗಿದಲ್ಲಿ ಮಂಜು ಸೀಳಿಕೊಂಡಿತ್ತು. ಗಾಡಿ ಹೋಗುವಷ್ಟು ಅಗಲದ, ನೂಲು ಹಿಡಿದ ಹಾಗೆ ನೇರವಾದ ದಾರಿ. ಎರಡೂ ಕಡೆ ಬಿಳಿ ಗೋಡೆ, ನಡುವೆ ಬಿಸಿಲು. ಹೆಂಗಸರು ಕೊಡ ಹೊತ್ತು, ಏನೂ ಆಗದವರ ಹಾಗೆ ಸಾರಿನ ಪುಡಿಯ ವಿಷಯ ಮಾತಾಡಿಕೊಂಡು ಹೋಗುತ್ತಿದ್ದರು.

ಮಳೆಗಾಲ ಮುಗಿದ ಮೇಲೆ ಬೇಸಗೆ ಕಾಲಿಡುವವರೆಗೆ ಈ ಮಂಜು ಇಲ್ಲಿ ಇರುತ್ತದೆ. ಅದರೊಳಗೆ ನೇರ ನಡೆದೆ ಎಂದುಕೊಂಡವನು ಸುತ್ತಿ ಬಂದು ತನ್ನ ಮನೆಯ ಹಿತ್ತಲಲ್ಲೇ ನಿಲ್ಲುತ್ತಾನೆ, ಇಲ್ಲವೇ ಎಲ್ಲಿಯೋ ನಿಲ್ಲುತ್ತಾನೆ. ಉದ್ದದ ಹಗ್ಗ ಕಟ್ಟಿದರೆ ಹಗ್ಗವೇ ದಿಕ್ಕು ತಪ್ಪುತ್ತದೆ. ಕೋವಿಯ ಸದ್ದಿಗೆ ಮಾತ್ರ ಅದು ಬಿಟ್ಟುಕೊಡುತ್ತದೆ. ಗುಂಡು ಬೇಡ, ಮದ್ದು ಸಾಕು. ಕೋವಿಯ ಬಾಯಿ ಯಾವ ಕಡೆಗಿದೆಯೋ ಆ ಕಡೆಗೆ ಓಣಿ ತೆರೆಯುತ್ತದೆ. ಆದರೆ ಮದ್ದು ತುಂಬುವ ಹಿತ್ತಾಳೆ ತೋಟೆ ಶುಭ್ರವಾಗಿರಬೇಕು. ಮಸಿ ಉಳಿದ ತೋಟೆ ಹಾರಿಸಿದರೆ ಓಣಿ ಸೊಟ್ಟಗಾಗುತ್ತದೆ, ಮಧ್ಯಾಹ್ನದೊಳಗೆ ಮುಚ್ಚಿಯೂ ಹೋಗುತ್ತದೆ. ಚೆನ್ನಾಗಿ ಬೆಳಗಿದ ತೋಟೆಯ ಓಣಿ ದೀಪ ಹಚ್ಚುವ ಹೊತ್ತಿನವರೆಗೂ ಕದಲದೆ ನಿಲ್ಲುತ್ತದೆ. ಊರಿನಲ್ಲಿದ್ದ ತೋಟೆಗಳೆಲ್ಲ ತಾತಂದಿರ ಕಾಲದವು. ಹೊಸದು ಬಂದದ್ದನ್ನು ಕಂಡವರಿಲ್ಲ. ಹಾರಿಸಿದ್ದನ್ನೇ ತಂದು, ತೊಳೆದು, ಬೆಳಗಿ, ಮತ್ತೆ ತುಂಬಬೇಕು. ಆ ಕೆಲಸ ನಮ್ಮತ್ತೆ ಸಣ್ಣತಾಯಮ್ಮನವರದು.

ಅತ್ತೆಯ ಕೆಲಸ ನೋಡುತ್ತಾ ಕೂರುವುದು ನನಗೆ ನನ್ನ ಹೊಲಿಗೆ ಮಿಷನ್ನಿನ ಕೆಲಸಕ್ಕಿಂತ ಹೆಚ್ಚು ಹಿಡಿಸುತ್ತಿತ್ತು. ಬುರುಜಿನ ಮೇಲಿಂದ ಕೋವಿಕಾರ ಖಲಂದರ್ ಸಾಬರು ಬುಟ್ಟಿಯಲ್ಲಿ ಕಳಿಸಿದ ಖಾಲಿ ತೋಟೆಗಳನ್ನು ಅವರು ಮೊದಲು ಮೂಸುತ್ತಿದ್ದರು. ಆಮೇಲೆ ಮದ್ದಿಗೆ ಕಿಡಿ ಹೊತ್ತಿಸುವ, ತಳದ ಸುಟ್ಟ ಕೇಪನ್ನು ಮೊಳೆಯಿಂದ ತಟ್ಟಿ ತೆಗೆದು, ಅದು ಕೂತಿದ್ದ ಗುಳಿಯನ್ನು ಬಿದಿರು ಕಡ್ಡಿಯಿಂದ ಕೆರೆದು, ಹುಣಸೆ ನೀರಿಗೆ ಹಾಕುತ್ತಿದ್ದರು. ನೀರಿನಲ್ಲಿ ಬಿಟ್ಟು ಬೇರೆ ಕೆಲಸಕ್ಕೆ ಏಳುತ್ತಿರಲಿಲ್ಲ. ಹೊತ್ತು ಮೀರಿದರೆ ಹಿತ್ತಾಳೆ ಕೆಂಪಗಾಗಿ ಸತ್ವ ಕಳೆದುಕೊಳ್ಳುತ್ತದೆ. ಬಣ್ಣ ತಿರುಗುವ ಕ್ಷಣಕ್ಕೆ ಸರಿಯಾಗಿ ತೆಗೆದು, ಅಂಟುವಾಳದ ನೊರೆಯಲ್ಲಿ ಉಜ್ಜಿ, ಎರಡು ಮೂರು ನೀರಿನಲ್ಲಿ ಜಾಲಿಸಿ, ನೆರಳಿನಲ್ಲಿ ಬೋರಲು ಹಾಕುತ್ತಿದ್ದರು. ಒಣಗಿದ ಮೇಲೆ ಮರದ ಪೀಪಾಯಿಯೊಳಗೆ ಮೆಕ್ಕೆಜೋಳದ ಒಣ ದಿಂಡಿನ ತರಿಯ ಜೊತೆ ಸುರಿದು ಹಿಡಿಕೆ ತಿರುಗಿಸುವುದು. ಒಳಗೆ ತೋಟೆಗಳು ಹೊರಳುವ ಸದ್ದು ದೂರದಲ್ಲಿ ಮಳೆ ಬರುತ್ತಿರುವ ಹಾಗೆ ಕೇಳುತ್ತಿತ್ತು. ಕೊನೆಗೆ ಒಂದೊಂದನ್ನೇ ಚಪ್ಪಡಿ ಕಲ್ಲಿನ ಮೇಲೆ ಬೀಳಿಸಿ ದನಿ ಕೇಳುತ್ತಿದ್ದರು. ಗಟ್ಟಿ ತೋಟೆ ಟಣ್ ಎನ್ನುತ್ತದೆ. ಬಿರುಕು ಬಿಟ್ಟದ್ದು ಗಂಟಲು ಕಟ್ಟಿದವರ ಹಾಗೆ. ಅಂಥದ್ದು ಸಿಕ್ಕರೆ ಕಲ್ಲಿನಿಂದ ಜಜ್ಜಿ ಚಪ್ಪಟೆ ಮಾಡಿ ಮೂಲೆಗೆ ಎಸೆಯುತ್ತಿದ್ದರು, ಇನ್ಯಾರೂ ಎತ್ತಿ ತುಂಬದಿರಲಿ ಎಂದು.

ಅವರ ಮಾತು ಮೆತ್ತಗಲ್ಲ. ಖಲಂದರ್ ಸಾಬರಿಗೂ ಅವರಿಗೂ ದಿನಾ ಜಗಳ. "ಸಾಬಣ್ಣ, ಬಿಸಿ ತೋಟೆ ನೆಲಕ್ಕೆ ಎಸೀಬೇಡ ಅಂದಿಲ್ವಾ, ಬಾಯಿ ನೆಗ್ಗೋಗಿದೆ ನೋಡು" ಎಂದು ಇವರು. "ತಾಯಮ್ಮ, ನಿನ್ನೆ ಸ್ಕೂಲ್ ಓಣಿ ಮುಳ್ಳುಬೇಲಿ ಕಡೆ ಒಂದು ಗೇಣು ವಾಲಿತ್ತು" ಎಂದು ಅವರು. ಆಮೇಲೆ ಇಬ್ಬರೂ ಒಂದೇ ಜಗುಲಿಯ ಮೇಲೆ ಕೂತು ಬೆಲ್ಲದ ಕಾಫಿ ಕುಡಿಯುತ್ತಿದ್ದರು. ಸಾಬರಿಗೆ ವಯಸ್ಸಾಗಿ ಕಣ್ಣು ಮಸುಕಾಗಿತ್ತು. ಮಂಜಿನಲ್ಲಿ ಕಣ್ಣಿದ್ದರೂ ಒಂದೇ ಇಲ್ಲದಿದ್ದರೂ ಒಂದೇ ಎಂದು ನಗುತ್ತಿದ್ದರು. ಊರಿನ ಪ್ರತಿಯೊಂದು ದಿಕ್ಕೂ ಅವರ ಹೆಗಲಿಗೆ ಗೊತ್ತಿತ್ತು.

ನಾನು ಹೇಳಹೊರಟದ್ದು ತೋಟೆಗಳು ಬಿರುಕು ಬಿಟ್ಟ ವರ್ಷದ ಕಥೆ. ಆ ಮಳೆಗಾಲದಲ್ಲಿ ನಮ್ಮ ಮನೆಯ ಮಾಡು ಸೋರಿತು. ಊರಿನ ಯಜಮಾನರಾದ ಚೆನ್ನವೀರಪ್ಪನವರು ಒಳ್ಳೆಯ ಮನುಷ್ಯ. ತಾವೇ ಬಂದು, "ತೋಟೆ ಮೂಟೆಗಳನ್ನ ನಮ್ಮ ಕುದುರೆ ಲಾಯದ ಅಟ್ಟಕ್ಕೆ ಹಾಕ್ಸಿ ತಾಯಮ್ಮ, ಅಲ್ಲಿ ಒಂದು ಹನಿ ಬೀಳಲ್ಲ" ಎಂದರು. ಅತ್ತೆ ಒಪ್ಪಿದರು. ನಿಜಕ್ಕೂ ಅಲ್ಲಿ ಒಂದು ಹನಿ ಬೀಳಲಿಲ್ಲ. ಮಂಜು ಇಳಿಯುವ ಮುಂಚೆ ಮೂಟೆಗಳನ್ನು ತಂದು ಬಿಚ್ಚಿದರೆ ತೋಟೆಗಳ ಮೈ ಮೇಲೆ ಕೂದಲೆಳೆಯಷ್ಟು ಸಣ್ಣ ಗೆರೆಗಳು. ಅತ್ತೆ ಒಂದನ್ನು ಕಲ್ಲಿನ ಮೇಲೆ ಬೀಳಿಸಿದರು. ದನಿಯಿಲ್ಲ. ಇನ್ನೊಂದು, ಮತ್ತೊಂದು. ಮೂಟೆಯ ತಳದವರೆಗೂ ಒಂದೊಂದನ್ನೇ ಬೀಳಿಸಿ ನೋಡಿದರು. ಆಮೇಲೆ ಮೂಟೆಯ ಬಾಯಿಗೆ ಮೂಗು ಹಿಡಿದು, "ಕುದುರೆ ಗಂಜಲದ ಗಾಳಿ. ಹಿತ್ತಾಳೆಗೆ ಅದು ಆಗೋದಿಲ್ಲ ಅಂತ ಈಗ ಗೊತ್ತಾಯ್ತು" ಎಂದರು.

ಮರುದಿನವೇ ಮಂಜು ಇಳಿಯಿತು. ಓಣಿ ತೆಗೆಯುವ ಸದ್ದು ಕೇಳದೆ ಊರು ಕಂಗಾಲಾಯಿತು. ಅಕ್ಕಪಕ್ಕದವರು ಗೋಡೆ ತಡವಿಕೊಂಡು, ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಚೆನ್ನವೀರಪ್ಪನವರೂ ಬಂದರು. ಅವರ ಮುಖ ನೋಡಲಾಗುತ್ತಿರಲಿಲ್ಲ.

"ಎಲ್ಲಾ ನನ್ನಿಂದ ಆಯ್ತು" ಎಂದರು.

"ನಾನೂ ಹೂಂ ಅಂದಿದ್ದೆನಲ್ಲ. ಬಿಡಿ ಅದನ್ನ" ಎಂದರು ಅತ್ತೆ.

"ಬಿರುಕು ತೀರಾ ಸಣ್ಣದು ತಾಯಮ್ಮ. ಕೆರೆ ಓಣಿಗೆ ಒಂದಾದ್ರೂ ಕೊಟ್ರೆ..."

"ಕೊಡಲ್ಲ."

ಜನ ಗೊಣಗಿದರು. ಆಗ ಬಾಗಿಲ ಬಳಿ ಕೋವಿ ಊರಿಕೊಂಡು ನಿಂತಿದ್ದ ಖಲಂದರ್ ಸಾಬರು ಗಂಟಲು ಸರಿಮಾಡಿಕೊಂಡರು. "ಕೊಡು ತಾಯಮ್ಮ. ಹಾರಿಸೋನು ನಾನು. ಹೋದ್ರೆ ನನ್ನ ಕಣ್ಣು ಹೋಗ್ತದೆ. ಅದೇನು ಹೊಸದಾಗಿ ಹೋಗೋದಿದೆ?"

"ಸೀಳಿದ ತೋಟೆ ಕೋವಿ ಹಿಂದಗಡೆಗೆ ಒದೀತದೆ ಸಾಬಣ್ಣ. ಕಣ್ಣಿಗೆ ನಿಲ್ಲಲ್ಲ, ತಲೆ ಹೋಗ್ತದೆ. ನಿನ್ನ ತಲೆ ಕೊಡೋಕೆ ನೀನು ತಯಾರಿದ್ರೂ ನಾನು ತಯಾರಿಲ್ಲ." ಹಾಗೆಂದು ಅತ್ತೆ ಎಲ್ಲರೆದುರಿಗೇ ಒಂದು ತೋಟೆ ಎತ್ತಿ ಜಜ್ಜಿದರು. ಇನ್ನೊಂದಕ್ಕೆ ಕಲ್ಲೆತ್ತಿದಾಗ ನಾನೇ ಅವರ ಕೈ ಹಿಡಿದೆ.

ಓಣಿಯಿಲ್ಲದೆ ಬದುಕುವುದನ್ನು ಊರು ಕಲಿಯತೊಡಗಿತು. ಗೋಡೆಗೆ ಗೋಡೆ ತಾಗಿದ ಮನೆಗಳವರು ನಡುವೆ ಕಿಂಡಿ ಹೊಡೆದು ಉಪ್ಪು, ಬೆಂಕಿ, ಹಿತ್ತಲ ಬಾವಿಯ ಸವುಳು ನೀರು ದಾಟಿಸಿದರು. ಮಕ್ಕಳಿಗೆ ಅವರವರ ಜಗುಲಿಯಲ್ಲೇ ಪಾಠ. ಮೇಷ್ಟ್ರು ತಮ್ಮ ಮನೆಯ ಬಾಗಿಲಲ್ಲಿ ನಿಂತು ಮಗ್ಗಿ ಕೂಗಿದರೆ ಬೀದಿಯುದ್ದಕ್ಕೂ ಮಂಜಿನೊಳಗಿಂದ ಉತ್ತರ ಬರುತ್ತಿತ್ತು. ನಮ್ಮ ಮನೆಯಲ್ಲಿ ಅತ್ತೆ ಮಾತ್ರ ಸೀಳಿದ ತೋಟೆಗಳನ್ನು ಹರವಿಕೊಂಡು ಒಂದೊಂದರ ಗೆರೆಯ ಮೇಲೂ ಉಗುರು ಆಡಿಸುತ್ತಾ ಕೂರುತ್ತಿದ್ದರು. ಕೆಲವದರಲ್ಲಿ ಬಿರುಕು ಬಾಯಿಂದ ಶುರುವಾಗಿ ಅರ್ಧಕ್ಕೇ ನಿಂತಿತ್ತು. ಅಂಥವನ್ನು ಬೇರೆ ಇಟ್ಟರು. ಸೀಳಿದ ಭಾಗವನ್ನು ಗರಗಸದ ಅಲಗಿನಿಂದ ಕೊಯ್ದು, ಬಾಯಿಗೆ ಅರ ಹಾಕಿದರು. ಉದ್ದದ ತೋಟೆ ಗಿಡ್ಡವಾಯಿತು. ಕಲ್ಲಿನ ಮೇಲೆ ಬೀಳಿಸಿದರೆ ಸಣ್ಣ ಟಣ್. "ಮದ್ದು ಕಮ್ಮಿ ಹಿಡೀತದೆ. ಓಣಿ ಗಿಡ್ಡಕ್ಕೆ ಬರ್ತದೆ" ಎಂದರು. ಅಂಥವು ಸಿಕ್ಕಿದ್ದು ಒಂದು ಹಿಡಿಯೂ ತುಂಬಲಿಲ್ಲ.

ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿತು. ನನ್ನ ಗಂಡ ಬೋರಲಿಂಗ ನನ್ನ ಹೊಲಿಗೆಗೆ ಬಟ್ಟೆ, ಅತ್ತೆಗೆ ಮದ್ದು ಕೇಪು ತರಲು ಮಂಜು ಇಳಿಯುವ ಮುಂಚೆಯೇ ಕೆಳಗಿನ ಪೇಟೆಗೆ ಹೋಗಿದ್ದ, ಅಂದಿನ ಬಸ್ಸಿಗೆ ವಾಪಸು ಬರುವವನಿದ್ದ. ಆ ದಿನ ಘಾಟಿಯ ಬುಡದಲ್ಲಿ ಮಂಜು ತೆಳ್ಳಗಿತ್ತಂತೆ. ಡ್ರೈವರ್ ಧೈರ್ಯ ಮಾಡಿ ಘಾಟಿ ಹತ್ತಿಸಿಬಿಟ್ಟಿದ್ದ. ಹಾರನ್ ಎಡೆಬಿಡದೆ ಒಂದೇ ಸಮ ಕೂಗುತ್ತಿತ್ತು. ನನಗೆ ಅದು ಕೆರೆಯ ಕಡೆಯಿಂದ ಕೇಳಿತು, ಅತ್ತೆಗೆ ಅಟ್ಟದಿಂದ, ಎದುರು ಮನೆಯವರಿಗೆ ಬಾವಿಯೊಳಗಿಂದ. ಮಂಜಿನಲ್ಲಿ ಸದ್ದಿಗೆ ಮನೆಯಿಲ್ಲ. ಆದರೆ ಹಾಗೆ ನಿಲ್ಲದೆ ಕೂಗಿದರೆ ಬಸ್ಸು ಎಲ್ಲೋ ಸಿಕ್ಕಿಕೊಂಡಿದೆ ಎಂದು ಎಲ್ಲರಿಗೂ ಅರ್ಥವಾಯಿತು. ಘಾಟಿಯ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ.

ಕೋವಿ ಹೊತ್ತ ಸಾಬರ ಜೊತೆ ಚೆನ್ನವೀರಪ್ಪನವರು ಓಡಿ ಬಂದು ಮುಗ್ಗರಿಸಿ ನಮ್ಮ ಹೊಸ್ತಿಲ ಮೇಲೇ ಬಿದ್ದರು. "ತಾಯಮ್ಮ, ನಿಮ್ಮ ಮಗನೂ ಅದರಲ್ಲೇ ಇದ್ದಾನೆ."

"ಗೊತ್ತು" ಎಂದರು ಅತ್ತೆ. ಮೂಲೆಯಲ್ಲಿದ್ದ ಉದ್ದದ ತೋಟೆಗಳ ಕಡೆ ಅವರು ತಿರುಗಿಯೂ ನೋಡಲಿಲ್ಲ. ಗಿಡ್ಡ ತೋಟೆಗಳನ್ನು ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು, ಹುಣಸೆ ನೀರಿನ ಸೀಸೆ, ಬಟ್ಟೆ ಸುತ್ತಿದ ಬಿದಿರು ಕಡ್ಡಿ, ಒಂದು ಬೊಗಸೆ ದಿಂಡಿನ ತರಿ ತೆಗೆದುಕೊಂಡರು. "ಸಾಬಣ್ಣ, ಮದ್ದು ಕೇಪು ನಿನ್ನ ಹತ್ರ ಇರ್ಲಿ, ನೀನು ಮುಂದೆ ಇರು." ನನ್ನ ಕಡೆ ತಿರುಗಿ, "ದೇವೀರಿ, ನೀನು ಕೆಂಡದ ಮಡಕೆ ಹಿಡ್ಕೊಂಡು ಹಿಂದೆ ಇರು. ಆ ಮಡಕೆ ಮದ್ದಿನ ಹತ್ರ ತಂದೆ ಅಂದ್ರೆ ಬಸ್ಸಿಗಿಂತ ಮುಂಚೆ ನಾವು ಹೋಗ್ತೀವಿ." ನಮ್ಮ ಮನೆಯಿಂದ ಬುರುಜಿನವರೆಗೆ ಗೋಡೆ ಹಿಡಿದು ಹೋದೆವು. ಘಾಟಿ ರಸ್ತೆ ಅಲ್ಲಿಂದಲೇ ಶುರು.

ಸಾಬರು ರಸ್ತೆ ಬದಿಯ ಮೈಲಿಗಲ್ಲಿಗೆ ಹಿಮ್ಮಡಿ ಒತ್ತಿ ನಿಂತು ಹೆಗಲು ತಿರುಗಿಸಿದರು. ಗಿಡ್ಡ ತೋಟೆಯ ಸದ್ದೂ ಗಿಡ್ಡ. ಮಂಜು ಸೀಳಿಕೊಂಡಿತು, ಆದರೆ ಮೊದಲಿನ ಹಾಗೆ ಕಣ್ಣು ಹಾಯುವಷ್ಟು ದೂರವಲ್ಲ. ಮೊದಲ ತಿರುವಿಗೆ ಮುಂಚೆಯೇ ಮತ್ತೆ ಬಿಳಿ ಗೋಡೆ. ಆದರೂ ನೇರವಾಗಿತ್ತು. ನಾವು ಅದರ ಕೊನೆಗೆ ನಡೆದೆವು, ಸಾಬರು ಅಲ್ಲಿ ನಿಂತು ಇನ್ನೊಂದು ಹಾರಿಸಿದರು. ಹೀಗೆ ತುಂಡು ತುಂಡಾಗಿ ಓಣಿಗೆ ಓಣಿ ಜೋಡಿಸುತ್ತಾ ಇಳಿದೆವು. ತುಂಬಿ ತಂದ ತೋಟೆಗಳು ಮುಗಿದಾಗ ಬಸ್ಸು ಇನ್ನೂ ಕಂಡಿರಲಿಲ್ಲ. ಹಾರನ್ ನಿಂತುಹೋಗಿತ್ತು.

ಅತ್ತೆ ಒದ್ದೆ ರಸ್ತೆಯ ಮೇಲೆ ಮಂಡಿಯೂರಿ ಕೂತರು. ಮನೆಯಲ್ಲಿ ಇಡೀ ದಿನ ಹಿಡಿಯುವ ಕೆಲಸವನ್ನು ಅವರು ಅಲ್ಲಿ, ಆ ಕೆಸರಿನಲ್ಲಿ ಮಾಡಿದರು. ಸುಟ್ಟ ಕೇಪು ತೆಗೆದರು, ಗುಳಿ ಕೆರೆದರು, ಸೀಸೆಯ ನೀರು ಹನಿಸಿ ಒಳಮೈ ಉಜ್ಜಿದರು, ತರಿಯನ್ನು ಅಂಗೈಯಲ್ಲಿ ಹಾಕಿಕೊಂಡು ತೋಟೆಯನ್ನು ಅದರೊಳಗೆ ಹೊರಳಿಸಿ ಬೆಳಗಿದರು. ಪೀಪಾಯಿ ಮಾಡುವುದನ್ನು ಎರಡು ಅಂಗೈ ಮಾಡಿದವು. ಆಮೇಲೆ ನನ್ನ ಮಡಕೆಯ ಕೆಂಡದ ಮೇಲೆ ಹಿಡಿದು ಒಣಗಿಸಿ, ತಣಿಸಿ, ಸಾಬರ ಬಳಿಗೆ ಒಯ್ದು ಮದ್ದು ತುಂಬಿಸಿದರು. ಆ ತೋಟೆಯ ಓಣಿ ಮನೆಯಲ್ಲಿ ಬೆಳಗಿದ್ದಕ್ಕಿಂತ ಒಂದು ಕೂದಲೂ ಹೆಚ್ಚು ವಾಲಲಿಲ್ಲ. ಸಾಬರು ಮಂಜಿನ ಅಂಚನ್ನು ಬೆರಳಿನಿಂದ ಸವರಿ ನೋಡಿ ತಲೆಯಾಡಿಸಿದರು. ಮುಂದಿನ ತುಂಡಿಗೆ ಅತ್ತೆ ಮತ್ತೆ ಕೂತರು, ಮತ್ತೆ ಎದ್ದರು. ಪ್ರತಿ ಸಲವೂ ಅದೇ ನಿಧಾನ. ಅವರ ಉಗುರುಗಳ ಸುತ್ತ ಹುಣಸೆ ಹುಳಿ ಇಳಿದು ಚರ್ಮ ಬಿಳಿಚಿತ್ತು, ಬೆರಳ ತುದಿ ಕೆಂಡದ ಕಾವಿಗೆ ಊದಿತ್ತು.

ಕಡೆಯ ತಿರುವಿನಲ್ಲಿ ಮನುಷ್ಯರ ದನಿ ಕೇಳಿತು. ಮಗುವೊಂದು ಅಳುತ್ತಿತ್ತು. ಕಬ್ಬಿಣ ಕಲ್ಲಿಗೆ ಉಜ್ಜಿ ಕಿರುಗುಟ್ಟುವ ಸದ್ದು. "ಯಾರೂ ಅಲ್ಲಾಡ್ಬೇಡಿ, ಕೂತಲ್ಲೇ ಕೂತ್ಕೊಳ್ಳಿ" ಎಂದು ಯಾರೋ ಕೂಗುತ್ತಿದ್ದರು. ಬಸ್ಸಿನ ಒಂದು ಗಾಲಿ ರಸ್ತೆ ಬಿಟ್ಟಿದೆ, ಯಾವ ಬಾಗಿಲಿನಿಂದ ಇಳಿದರೆ ಕಾಲಿಗೆ ನೆಲ ಸಿಗುತ್ತದೆ ಎಂಬುದು ಒಳಗಿದ್ದವರಿಗೆ ತಿಳಿಯುತ್ತಿಲ್ಲ ಎಂದು ಆ ಕೂಗಾಟದಲ್ಲೇ ಗೊತ್ತಾಯಿತು. ಆಗ ನನ್ನ ಗಂಡನ ದನಿ ಬಂತು. "ಅವ್ವಾ, ಕೋವಿ ಸದ್ದು ಕೇಳ್ತು. ಬಂದ್ರಾ? ಅವ್ವಾ."

ಅತ್ತೆ ತೋಟೆಯನ್ನು ಕೆಂಡದಿಂದ ತೆಗೆದು ಒಳಗೆ ಬೆರಳು ತೂರಿಸಿದರು. ಬೆರಳ ತುದಿಗೆ ಸ್ವಲ್ಪ ಕಪ್ಪು ಅಂಟಿತು. ಅವರು ಮತ್ತೆ ಸೀಸೆ ತೆಗೆದರು. ನನಗೆ ನಂಬಲಾಗಲಿಲ್ಲ.

"ಅತ್ತೆ, ಸಾಕು. ಕೊಡಿ ಅದನ್ನ."

ಅವರು ಉಜ್ಜಿದರು. ಬೆಳಗಿದರು. ಮತ್ತೆ ಕೆಂಡಕ್ಕೆ ಹಿಡಿದರು. ಆಮೇಲೆ ಒದ್ದೆ ಕಲ್ಲಿನ ಮೇಲೆ ಇಟ್ಟು ತಣಿಯಲು ಬಿಟ್ಟರು. ಬಿಸಿ ತೋಟೆಗೆ ಮದ್ದು ಹಾಕುವ ಹಾಗಿಲ್ಲ. ಅಷ್ಟು ನನಗೂ ಗೊತ್ತಿತ್ತು. ಆದರೂ ನನ್ನ ಬಾಯಿ ನಿಲ್ಲಲಿಲ್ಲ. ಅವನು ನಿಮ್ಮ ಹೊಟ್ಟೇಲಿ ಹುಟ್ಟಿದವನಲ್ವಾ ಎಂದೆ. ನಿಮ್ಮ ಎದೇಲಿರೋದೂ ಹಿತ್ತಾಳೇನಾ ಎಂದೆ. ಇನ್ನೂ ಏನೇನೋ ಅಂದೆ, ಬರೆಯಲಾಗದ್ದನ್ನೂ ಅಂದೆ. ಅವರು ತಲೆ ಎತ್ತಲಿಲ್ಲ. ತೋಟೆಯನ್ನು ಕೆನ್ನೆಗೆ ತಾಗಿಸಿ ನೋಡಿದರು, ಕೆಳಗಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಾಗಿಸಿದರು. ಈ ಸಲ ಎದ್ದು ಸಾಬರ ಬಳಿಗೆ ನಡೆದರು.

ಕೋವಿ ಸದ್ದಾಯಿತು. ಓಣಿ ರಸ್ತೆಯ ಅಂಚಿನ ಕಲ್ಲುಗಳನ್ನು ತನ್ನ ಒಳಗೇ ಇಟ್ಟುಕೊಂಡು, ಗುಡ್ಡದ ಕಡೆಗೂ ಜಾರದೆ, ಆಳದ ಕಡೆಗೂ ವಾಲದೆ ಹೋಗಿ ಬಸ್ಸನ್ನು ಮುಟ್ಟಿತು. ಬಸ್ಸು ಮೂತಿಯನ್ನು ಗಾಳಿಗೆ ಚಾಚಿ ನಿಂತಿತ್ತು. ಜನ ಇಳಿಯಲು ಗುಂಪುಗೂಡಿದ್ದ ಮುಂದಿನ ಬಾಗಿಲ ಕೆಳಗೆ ನೆಲವೇ ಇರಲಿಲ್ಲ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟಿದ್ದ ಹೆಂಗಸು ಕೆಳಗೆ ನೋಡಿ ಮೆಲ್ಲಗೆ ಕೈ ತೆಗೆದಳು. ಸಾಬರು ಕೂಗಿ ಹೇಳಿದರು, "ಹಿಂದಿನ ಕಿಟಕಿ ಒಡೀರಿ, ಹಿಂದಿನಿಂದ ಒಬ್ಬೊಬ್ರಾಗಿ ಬನ್ನಿ." ಮೊದಲು ಮಗು ಬಂತು, ಆಮೇಲೆ ಮಗುವಿನ ತಾಯಿ, ಮುದುಕರು, ಮಿಕ್ಕವರು. ನನ್ನ ಗಂಡ ಎಲ್ಲರನ್ನೂ ಇಳಿಸಿ, ಡ್ರೈವರನನ್ನು ರಟ್ಟೆ ಹಿಡಿದು ಎಳೆದುಕೊಂಡು ಕೊನೆಗೆ ಇಳಿದ. ಬಟ್ಟೆಯ ಗಂಟು, ಮದ್ದಿನ ಡಬ್ಬಿ ಬಸ್ಸಿನಲ್ಲೇ ಉಳಿದವು. ಅತ್ತೆ ಅವನ ತಲೆ, ಹೆಗಲು, ಬೆನ್ನು ಎಲ್ಲ ತಡವಿ ನೋಡಿದರು. ಆಮೇಲೆ, "ಮದ್ದು ಅಲ್ಲೇ ಬಿಟ್ಟು ಬಂದ್ಯಾ?" ಎಂದು ಕೇಳಿದರು. ಅವನು ನಕ್ಕ. ನಗುತ್ತಲೇ ಅಳತೊಡಗಿದ.

ವಾಪಸು ಹತ್ತುವಾಗ ಒಂದೂ ತೋಟೆ ಹಾರಿಸಬೇಕಾಗಲಿಲ್ಲ. ಕೆಸರಿನಲ್ಲಿ ಕೂತು ಬೆಳಗಿದ ತೋಟೆಗಳ ಓಣಿಗಳೆಲ್ಲ ಒಂದಕ್ಕೊಂದು ಸೇರಿಕೊಂಡು ಹಾಗೇ ನಿಂತಿದ್ದವು. ಮೊದಲ ಬಾರಿ ನಮ್ಮೂರಿಗೆ ಬಂದಿದ್ದ ಒಬ್ಬ ಮುದುಕರು ಎರಡೂ ಕಡೆಯ ಬಿಳಿ ಗೋಡೆ ನೋಡುತ್ತಾ, ಇದನ್ನು ಯಾರು ಕಟ್ಟಿಸಿದ್ದು ಎಂದು ಕೇಳಿದರು. ಸಾಬರು ಹಿಂದೆ ಬರುತ್ತಿದ್ದ ಅತ್ತೆಯ ಕಡೆ ಗದ್ದ ತೋರಿಸಿದರು.

ಆ ಮೇಲೆ ನಮ್ಮೂರಿನ ಓಣಿಗಳೆಲ್ಲ ಗಿಡ್ಡವೇ. ಉದ್ದದ ತೋಟೆ ಇನ್ನು ಇಲ್ಲ. ಸಂತೆಗೆ ಹೋಗಬೇಕಾದರೆ ಒಂದು ಓಣಿ ಮುಗಿದಲ್ಲಿ ನಿಂತು, ಕೋವಿಕಾರ ಅಲ್ಲಿಗೆ ಬಂದು ಮುಂದಿನದು ತೆಗೆಯುವವರೆಗೆ ಕಾಯಬೇಕು. ಕಾಯುವವರಿಗೆಂದು ಚೆನ್ನವೀರಪ್ಪನವರು ಅಲ್ಲಲ್ಲಿ ಕಟ್ಟೆ ಕಟ್ಟಿಸಿದರು. ಲಾಯದ ಕಲ್ಲುಗಳನ್ನೇ ಕೀಳಿಸಿ ಕಟ್ಟಿಸಿದರು. ಮೊದಲು ಜನ ಅಲ್ಲಿ ನಿಂತೇ ಚಡಪಡಿಸುತ್ತಿದ್ದರು. ಈಗ ಕೂರುತ್ತಾರೆ. ಸೊಪ್ಪು ಬಿಡಿಸುತ್ತಾರೆ, ಹೂ ಕಟ್ಟುತ್ತಾರೆ, ಹೆಣ್ಣು ಗಂಡಿನ ಮಾತು ತೆಗೆಯುತ್ತಾರೆ. ಬೇಗ ತೋಟೆ ಹಾರಿದರೆ ಬೇಜಾರು ಪಟ್ಟುಕೊಳ್ಳುವವರೂ ಇದ್ದಾರೆ.

ಅತ್ತೆಗೆ ಅಂದು ಅಂದ ಮಾತನ್ನು ನಾನು ಮರೆತಿರಲಿಲ್ಲ. ಅವರು ಅದರ ಸುದ್ದಿ ಎತ್ತಲಿಲ್ಲ, ನನಗೆ ಎತ್ತುವ ಧೈರ್ಯವಿರಲಿಲ್ಲ. ಒಂದು ಬೆಳಿಗ್ಗೆ ಇಬ್ಬರೂ ಸಂತೆಗೆ ಹೊರಟು ಕಟ್ಟೆಯ ಮೇಲೆ ಕೂತಿದ್ದೆವು. ಬೇರೆ ಯಾರೂ ಇರಲಿಲ್ಲ.

"ಅತ್ತೆ, ಘಾಟೀಲಿ ನಾನು ಅಂದಿದ್ದು..." ಎಂದು ಶುರುಮಾಡಿದೆ.

"ಜೋರಾಗಿ ಬೈದೆ" ಎಂದರು.

"ಮನಸ್ಸಲ್ಲಿ ಇಟ್ಕೋಬೇಡಿ."

"ಇಟ್ಕೊಂಡಿದ್ದೀನಿ ಕಣೇ. ಯಾಕೆ ಇಟ್ಕೋಬಾರ್ದು?" ಅವರು ಸೆರಗಿನ ತುದಿಯಿಂದ ಬೆರಳು ಒರೆಸಿಕೊಂಡರು. ಬೊಕ್ಕೆಗಳು ಆರಿ ಹೊಸ ಚರ್ಮ ಬಂದಿತ್ತು. "ಅವನು ಅಲ್ಲಿಂದ ಅವ್ವಾ ಅಂತ ಕೂಗಿದ. ಒಂದು ಸಲ ಕೇಳ್ತು. ಇನ್ನೊಂದು ಸಲ ಕೇಳಿದ್ರೆ ತೋಟೇನ ಮಸಿ ಸಮೇತ ಹಾಗೇ ತುಂಬಿಸಿಬಿಡ್ತಿದ್ದೆ. ಅಷ್ಟರಲ್ಲಿ ನೀನು ಬೈಯೋಕೆ ಶುರು ಮಾಡ್ದೆ. ನಿನ್ನ ಗಂಟಲಿನ ಮುಂದೆ ಅವನ ದನಿ ನನಗೆ ಮತ್ತೆ ಕೇಳಿಸಲೇ ಇಲ್ಲ."

ಸಾಬರು ಬಂದು ಮುಂದಕ್ಕೆ ಕೋವಿ ಹಾರಿಸಿದರು, ಮಂಜು ಬಿಟ್ಟುಕೊಟ್ಟಿತು. ಅತ್ತೆ ಎದ್ದು ಸೀರೆ ಕೊಡವಿಕೊಂಡು, ಓಣಿಯ ಅಂಚಿನುದ್ದಕ್ಕೂ ಕಣ್ಣು ಹಾಯಿಸಿ, ಸಂತೆಯ ಖಾಲಿ ಚೀಲವನ್ನು ನನ್ನ ಕೈಗೆ ಕೊಟ್ಟು ಮುಂದೆ ನಡೆದರು.